ಅಂಡಿಗೆಯೊಳಗಿನ ಕೆಂಡ: 1944ರ ಮುಂಬೈ ಡಾಕ್ ಬೆಂಕಿಯ ಬಗ್ಗೆ ಕೆಲವು ಮಾತು

ಹೊಳಗುಂದದ ಕಡೆಯವರಿಗೆ ಹಡಗಿನ ಬೆಂಕಿ ಯಾಕೆ ಬೇಕಾಯ್ತು ಅಂತ ಮೇಷ್ಟ್ರು ಆಗ್ಲೇ ಕೇಳಿದ್ರು. ನಮಗೆ ಕಡಲು ದೂರ, ನಿಜ. ಆದರೆ ಹತ್ತಿ ನಮ್ಮದೇ. ಆದೋನಿಯ ಜಿನ್ನಿಂಗ್ ಮಿಲ್ಲಿನ ಹಮಾಲರನ್ನ ಕೇಳಿ ನೋಡಿ: ಒತ್ತಿ ಕಟ್ಟಿದ ಅಂಡಿಗೆಗೆ ಕಿಡಿ ಬಿದ್ರೆ ಮೇಲೆ ನೀರು ಸುರಿದು ಮನೆಗೆ ಹೋಗೋ ಹಾಗಿಲ್ಲ. ಹೊರಗೆ ಆರಿದಂತೆ ಕಾಣುತ್ತೆ, ಒಳಗೆ ಕೆಂಡ ಕೂತಿರುತ್ತೆ. ಬಿಚ್ಚಿ, ಹರವಿ, ನೆನೆಸಬೇಕು.

ಹಡಗಿನ ಉಗ್ರಾಣದಲ್ಲಿ ಬಿಚ್ಚೋದು ಹೇಗೆ? 'ಫೋರ್ಟ್ ಸ್ಟಿಕೈನ್' ಹಡಗಿನ ಕಥೆ ಅಲ್ಲಿಂದಲೇ ಶುರು. ಕರಾಚಿಯಲ್ಲಿ ಹತ್ತಿ ತುಂಬಿಸಿಕೊಂಡು 1944ರ ಏಪ್ರಿಲ್ 12ರಂದು ಅದು ಮುಂಬೈನ ವಿಕ್ಟೋರಿಯಾ ಡಾಕಿಗೆ ಬಂತು. ಜೊತೆಗೆ ಸುಮಾರು 1,400 ಟನ್ ಸ್ಫೋಟಕ. ಎರಡನೇ ಉಗ್ರಾಣದಲ್ಲಿ ಕೆಳಗೆ ಹತ್ತಿ, ಅದರ ಮೇಲಿನ ಅಟ್ಟದಲ್ಲಿ ಮದ್ದು. ಯುದ್ಧದ ಅವಸರ ಅಂತಾರೆ, ಇರಲಿ. 14ರ ಮಧ್ಯಾಹ್ನ ಹೊಗೆ ಕಾಣಿಸಿತು. ಅಗ್ನಿಶಾಮಕದವರು 900 ಟನ್ನಿಗೂ ಹೆಚ್ಚು ನೀರು ಹರಿಸಿದರು. ನೀರು ಏರಿದಂತೆ ಉರಿಯುತ್ತಿದ್ದ ಅಂಡಿಗೆಗಳು ತೇಲಿ ಮೇಲಕ್ಕೆ, ಅಂದ್ರೆ ಮದ್ದಿನ ಹತ್ತಿರಕ್ಕೇ ಬಂದವು! ಬೆಂಕಿ ಆರಿಸಬೇಕಾದ ನೀರೇ ಬೆಂಕಿಯನ್ನ ಎತ್ತಿಕೊಟ್ಟಿತು.

ನನ್ನ ಕಣ್ಣಿಗೆ ಅದಕ್ಕಿಂತ ದೊಡ್ಡ ಲೋಪ ಬೇರೆ. ಹಡಗನ್ನು ಎಳೆದು ಹೊರಗಿನ ಸಮುದ್ರಕ್ಕೆ ಒಯ್ಯಿರಿ ಅಂತ ಒಬ್ಬರು, ಇಲ್ಲೇ ಮುಳುಗಿಸಿ ಅಂತ ಇನ್ನೊಬ್ಬರು. ಹಡಗಿನ ಒಡೆತನ, ಬಂದರು, ಸೈನ್ಯ, ಅಗ್ನಿಶಾಮಕ ದಳ, ಎಲ್ಲ ಬೇರೆ ಬೇರೆ. 'ಹೀಗೇ ಮಾಡಿ' ಅನ್ನುವ ಅಧಿಕಾರ ಒಬ್ಬರ ಕೈಯಲ್ಲೂ ಇರಲಿಲ್ಲ. ಕ್ಯಾಪ್ಟನ್ ನೈಸ್ಮಿತ್ ನಿರ್ಧರಿಸಲಾಗದೆ ಉಳಿದ. ಸಂಜೆ 4.06ಕ್ಕೆ ಮೊದಲ ಸ್ಫೋಟ, ಅರ್ಧ ಗಂಟೆಯೊಳಗೆ ಎರಡನೆಯದು. ಅಗ್ನಿಶಾಮಕದವರೇ 66 ಜನ ಸತ್ತರು. ಏಪ್ರಿಲ್ 14 ಇವತ್ತಿಗೂ ಅಗ್ನಿಶಾಮಕ ಸೇವಾ ದಿನ. ಡಾಕುಗಳ ಅವಶೇಷ ತೆಗೆಯಲು ಸುಮಾರು 8,000 ಜನ ಏಳು ತಿಂಗಳು ದುಡಿದರು. ಹಡಗಿನಲ್ಲಿದ್ದ ಚಿನ್ನದ ಗಟ್ಟಿಗಳು ಹೂಳೆತ್ತುವಾಗ ದಶಕಗಳ ಮೇಲೂ ಸಿಕ್ಕವು. ಪತ್ರಿಕೆಗಳಿಗೆ ಚಿನ್ನದ ಸುದ್ದಿಯೇ ರುಚಿ, ಹಮಾಲರದ್ದಲ್ಲ.

ಈಗ 2025ರ ಜೂನ್ 9ಕ್ಕೆ ಬನ್ನಿ. ಕೊಲಂಬೊದಿಂದ ಮುಂಬೈ ಕಡೆಗೆ ಹೊರಟಿದ್ದ 'ವಾನ್ ಹೈ 503' ಕಂಟೇನರ್ ಹಡಗಿಗೆ ಕೇರಳದ ಕರಾವಳಿಯಾಚೆ ಬೆಂಕಿ ಬಿತ್ತು. 22 ಸಿಬ್ಬಂದಿಯಲ್ಲಿ 18 ಜನರನ್ನ ನೌಕಾಪಡೆಯ 'ಐಎನ್‌ಎಸ್ ಸೂರತ್' ನಮ್ಮ ಮಂಗಳೂರಿಗೆ ತಂದಿತು, ನಾಲ್ವರು ಕಾಣೆಯಾದರು. ಇಲ್ಲಿ ಮಾತ್ರ 1944ರಲ್ಲಿ ಆಗದ ಕೆಲಸ ಆಯ್ತು. ಉರಿಯೋ ಹಡಗಿಗೆ ಹೆಲಿಕಾಪ್ಟರಿನಿಂದ ಸಾಲ್ವೇಜ್ ತಂಡವನ್ನ ಇಳಿಸಿ, ಹಗ್ಗ ಕಟ್ಟಿ, ಟಗ್‌ನಿಂದ ದಡದಿಂದ ದೂರ ಎಳೆದರು. ಹೊರಗಿನಿಂದ ಕೋಸ್ಟ್ ಗಾರ್ಡ್ ಹಡಗುಗಳು ನೀರು, ನೊರೆ ಹಾಯಿಸುತ್ತಲೇ ಇದ್ದವು. ಹಾಗಂತ ನೀರನ್ನೂ ಮನಸ್ಸಿಗೆ ಬಂದಷ್ಟು ತುಂಬಿಸೋ ಹಾಗಿಲ್ಲ, ಒಳಗೆ ನೀರು ತುಳುಕಾಡಿದರೆ ಹಡಗೇ ವಾಲುತ್ತೆ. ಕಂಟೇನರ್ ಅಂದ್ರೆ ಉಕ್ಕಿನ ಅಂಡಿಗೆ ಇದ್ದಂಗೆ: ಆರಿತು ಅಂದುಕೊಂಡ ಬೆಂಕಿ ಜುಲೈನಲ್ಲಿ ಮತ್ತೆ ಎದ್ದಿತು.