ಒಂದು ಸೀಸನ್, ಇಬ್ಬರು ಚಾಂಪಿಯನ್ನರು: ಬ್ಯಾಸ್ಕೆಟ್‌ಬಾಲ್ ಲೀಗ್ ಮತ್ತು ಊರಿನ ಕ್ಲಬ್ಬು, ಮೈಸೂರಿನ ಹೆಬ್ಬಾಳದಿಂದ ಒಂದು ನೋಟ

2001ರ ಮೇ ತಿಂಗಳಲ್ಲಿ, ನಾಲ್ಕೇ ದಿನಗಳೊಳಗೆ, ಯುರೋಪಿನ ಪುರುಷರ ಬ್ಯಾಸ್ಕೆಟ್‌ಬಾಲಿಗೆ ಇಬ್ಬರು ಚಾಂಪಿಯನ್ನರು ಸಿಕ್ಕರು. ಮೇ 10ರಂದು ಇಟಲಿಯ ಕಿಂಡರ್ ಬೊಲೊನ್ಯಾ ತಂಡ ಸ್ಪೇನಿನ ತಾವ್ ಸೆರಾಮಿಕಾವನ್ನು ಫೈನಲ್ ಸರಣಿಯ ಐದನೇ ಪಂದ್ಯದಲ್ಲಿ 82–74ರಿಂದ ಮಣಿಸಿ ಯುರೋಲೀಗ್ ಗೆದ್ದಿತು. ಮೇ 13ರಂದು ಪ್ಯಾರಿಸ್‌ನಲ್ಲಿ ಮಕ್ಕಾಬಿ ಟೆಲ್ ಅವೀವ್ ತಂಡ ಗ್ರೀಸಿನ ಪನಥಿನೈಕೋಸ್ ವಿರುದ್ಧ 81–67ರಿಂದ ಗೆದ್ದು ಸುಪ್ರೊಲೀಗ್ ಕಿರೀಟ ಧರಿಸಿತು. ಗೆದ್ದ ಇವೆರಡೂ ತಂಡಗಳು ಈ ಲೀಗ್‌ಗಳಲ್ಲಿ ಮುಖಾಮುಖಿಯಾಗುವ ದಾರಿಯೇ ಇರಲಿಲ್ಲ.

ಇಂಥ ಸೀಸನ್ ಒಂದು ಬಂದದ್ದೇಕೆ ಎಂಬ ಪ್ರಶ್ನೆಗೆ ಸಿಗುವ ರೂಢಿಯ ಉತ್ತರ ಹೆಸರಿನ ಜಗಳ. ಖಂಡದ ಕ್ಲಬ್ ಟೂರ್ನಿಯನ್ನು 1958ರಿಂದ ನಡೆಸಿಕೊಂಡು ಬಂದಿದ್ದ ಅಂತರರಾಷ್ಟ್ರೀಯ ಒಕ್ಕೂಟ ಫಿಬಾ, 1996ರಲ್ಲಿ ಅದನ್ನು ಯುರೋಲೀಗ್ ಎಂದು ಕರೆಯಿತು. ಆದರೆ ಆ ಹೆಸರನ್ನು ತನ್ನದೆಂದು ನೋಂದಾಯಿಸಲಿಲ್ಲ. 1991ರಲ್ಲಿ ಸ್ಪೇನ್, ಇಟಲಿ, ಫ್ರಾನ್ಸ್‌ನ ಲೀಗ್‌ಗಳು ಕಟ್ಟಿಕೊಂಡಿದ್ದ ಯುಲೆಬ್ ಎಂಬ ಕೂಟ 2000ರಲ್ಲಿ ಅದೇ ಹೆಸರಿನಲ್ಲಿ ತನ್ನದೇ ಲೀಗ್ ಹೂಡಿದಾಗ, ಫಿಬಾ ತನ್ನ ಟೂರ್ನಿಗೆ ಸುಪ್ರೊಲೀಗ್ ಎಂಬ ಹೊಸ ಹೆಸರು ಹುಡುಕಬೇಕಾಯಿತು. ಯುಲೆಬ್ ಕಡೆ 24 ತಂಡಗಳು, ಫಿಬಾ ಕಡೆ 20. ಮರುವರ್ಷ ಎರಡೂ ಒಂದಾಗಿ, 32 ತಂಡಗಳ ಯುರೋಲೀಗ್ ಉಳಿಯಿತು.

ಹೆಸರಿನ ಕಥೆ ಸುಳ್ಳಲ್ಲ, ಆದರೆ ಅದು ಮೇಲುಪದರ. ನೋಂದಣಿ ಇಲ್ಲದೆ ಹೋದದ್ದರಿಂದ ಫಿಬಾ ಕಳೆದುಕೊಂಡದ್ದು ಹೆಸರನ್ನಷ್ಟೆ. ಅಂತರರಾಷ್ಟ್ರೀಯ ಒಕ್ಕೂಟದ ಮುದ್ರೆಯನ್ನು ಬಿಟ್ಟು ಹೊರಬಂದ ತಂಡಗಳು ಅದೇ ವರ್ಷ ಪೂರ್ಣಪ್ರಮಾಣದ ಲೀಗ್ ಆಡಿ ಮುಗಿಸಿದವಲ್ಲ, ಆ ಧೈರ್ಯ ಎಲ್ಲಿಂದ ಬಂತು? ಉತ್ತರವನ್ನು ನಾನು ಬೊಲೊನ್ಯಾದಲ್ಲಿ ಕಾಣುತ್ತೇನೆ.

ಆ ಸೀಸನ್ನಿನ ಯುರೋಲೀಗ್ ಸೆಮಿಫೈನಲ್‌ನಲ್ಲಿ ಕಿಂಡರ್ 3–0ಯಿಂದ ಸೋಲಿಸಿದ್ದು ಪಾಫ್ ತಂಡವನ್ನು. ಪಾಫ್ ಕೂಡ ಬೊಲೊನ್ಯಾದ್ದೇ. ಜನಸಂಖ್ಯೆ ನಾಲ್ಕು ಲಕ್ಷ ಮುಟ್ಟದ ಒಂದು ಊರಿನ ಎರಡು ಕ್ಲಬ್ಬುಗಳು ಖಂಡದ ಕೊನೆಯ ನಾಲ್ಕರಲ್ಲಿ ನಿಂತಿದ್ದವು. ಫೈನಲ್‌ನ ಎದುರಾಳಿ ತಾವ್ ತಂಡದ ಊರು ವಿತೋರಿಯಾ ಇನ್ನೂ ಚಿಕ್ಕದು, ಎರಡು ಲಕ್ಷದ ಆಸುಪಾಸು. 2001ರ ಜನಗಣತಿಯ ಹೊತ್ತಿಗೇ ಮೈಸೂರು ಏಳು ಲಕ್ಷ ದಾಟಿತ್ತು ಎಂಬುದನ್ನು ಇಲ್ಲಿ ನೆನೆಯಬೇಕು.

ಹೆಸರುಗಳನ್ನೇ ಇನ್ನಷ್ಟು ಹತ್ತಿರದಿಂದ ನೋಡೋಣ. ಕಿಂಡರ್ ಎಂದರೆ ಚಾಕೊಲೇಟು, ತಾವ್ ಎಂದರೆ ಸೆರಾಮಿಕ್ ಸಾಮಾನಿನ ಕಂಪನಿ; ಎರಡೂ ಪ್ರಾಯೋಜಕರ ಹೆಸರುಗಳು. ಕಿಂಡರ್‌ಗೆ ಮೊದಲು ಅದೇ ಅಂಗಿಯ ಮೇಲೆ ಕ್ನೋರ್, ಬಕ್ಲರ್ ಮುಂತಾದ ಹೆಸರುಗಳಿದ್ದವು. ಅಂಗಿಯೊಳಗಿನ ಕ್ಲಬ್ಬು ಮಾತ್ರ ವಿರ್ಟುಸ್: 1871ರಲ್ಲಿ ವ್ಯಾಯಾಮ ಸಂಘವಾಗಿ ಹುಟ್ಟಿ, 1929ರಿಂದ ಬ್ಯಾಸ್ಕೆಟ್‌ಬಾಲ್ ಆಡಿಕೊಂಡು ಬಂದದ್ದು. ನಮ್ಮ ಗರಡಿಮನೆಗಳನ್ನು ಬಲ್ಲವರಿಗೆ ಈ ಬಗೆಯ ಹುಟ್ಟು ಅಪರಿಚಿತವಲ್ಲ. ತರಬೇತುದಾರ ಎತ್ತೊರೆ ಮೆಸ್ಸಿನಾ ಆ ವರ್ಷ ಇಟಲಿಯ ಲೀಗ್, ಕಪ್, ಯುರೋಲೀಗ್ ಮೂರನ್ನೂ ಗೆಲ್ಲಿಸಿದರು. ಅರ್ಜೆಂಟೀನಾದ ಮನು ಜಿನೊಬಿಲಿ ಫೈನಲ್ ಸರಣಿಯ ಶ್ರೇಷ್ಠ ಆಟಗಾರನಾದ. ಆಟಗಾರ ಹೊರಗಿನವನು, ಹಣ ಕಂಪನಿಯದು, ಹೆಸರು ಬದಲಾಗುವಂಥದು. ಬದಲಾಗದೆ ಉಳಿದದ್ದು ಊರು ಮತ್ತು ಊರಿನ ಕ್ಲಬ್ಬು. ಒಕ್ಕೂಟವನ್ನು ಎದುರುಹಾಕಿಕೊಂಡು ನಿಲ್ಲುವ ತ್ರಾಣ ಬಂದದ್ದು ಅಲ್ಲಿಂದ.

ಇದೇ ಕನ್ನಡಿಯನ್ನು ಕರ್ನಾಟಕದತ್ತ ತಿರುಗಿಸಿದರೆ ಕಾಣುವ ಚಿತ್ರ ಬೇರೆ. 2010ರಲ್ಲಿ ಭಾರತೀಯ ಬ್ಯಾಸ್ಕೆಟ್‌ಬಾಲ್ ಫೆಡರೇಷನ್ ಐಎಂಜಿ–ರಿಲಯನ್ಸ್ ಕಂಪನಿಯ ಜತೆ 30 ವರ್ಷಗಳ ಒಪ್ಪಂದ ಮಾಡಿಕೊಂಡಿತು. ಎಲ್ಲರೂ ಎದುರುನೋಡಿದ ವೃತ್ತಿಪರ ಲೀಗ್ ಅದರಿಂದ ಹುಟ್ಟಲಿಲ್ಲ. 2015ರಲ್ಲಿ ಫೆಡರೇಷನ್ನೇ ಎರಡು ಬಣವಾಯಿತು. ಕರ್ನಾಟಕದ ಕೆ. ಗೋವಿಂದರಾಜ್ ಅಧ್ಯಕ್ಷರಾಗಿದ್ದ ಬಣವನ್ನು ಫಿಬಾ ಮಾನ್ಯ ಮಾಡಿತು. ಯುರೋಪಿನಲ್ಲಿ ಕ್ಲಬ್ಬುಗಳು ಒಡೆದು ಎರಡು ಲೀಗಾದವು. ನಮ್ಮಲ್ಲಿ ಒಡೆದದ್ದು ಆಡಳಿತ, ಆಡುವ ಕ್ಲಬ್ಬುಗಳಿಗೆ ಅದರಲ್ಲಿ ಮಾತೇ ಇರಲಿಲ್ಲ.

ಅದೇ 2015ರಲ್ಲಿ ಶುರುವಾದ ಯುಬಿಎ ಎಂಬ ಬ್ಯಾಸ್ಕೆಟ್‌ಬಾಲ್ ಲೀಗ್‌ನಲ್ಲಿ ಬೆಂಗಳೂರು ಬೀಸ್ಟ್ ಎಂಬ ತಂಡವಿತ್ತು. 2023ರ ಜನವರಿಯಲ್ಲಿ ಇಂಡಿಯನ್ ನ್ಯಾಷನಲ್ ಬ್ಯಾಸ್ಕೆಟ್‌ಬಾಲ್ ಲೀಗ್ ಆರಂಭವಾದಾಗ ಬೆಂಗಳೂರಿನ ತಂಡದ ಹೆಸರು ಬೆಂಗಳೂರು ಕಿಂಗ್ಸ್. ಎಂಟು ವರ್ಷಗಳಲ್ಲಿ ಒಂದೇ ಊರಿಗೆ ಎರಡು ಹೊಸ ತಂಡಗಳು, ಮೊದಲನೆಯದರ ನೆನಪನ್ನು ಎರಡನೆಯದು ಹೊರಲಿಲ್ಲ. 2023ರ ಮೊದಲ ಸುತ್ತಿಗೆ ಆರೂ ತಂಡಗಳು ಕೊಚ್ಚಿಯಲ್ಲೇ ಸೇರಿ ಆಡಿದವು. ತವರಿನ ಅಂಕಣ, ಎದುರಾಳಿಯ ಊರಿಗೆ ಹೋಗಿ ಬರುವ ಪಾಳಿ, ಗ್ಯಾಲರಿಯ ಗದ್ದಲ ಇವು ಯುರೋಲೀಗಿನ ಜೀವಾಳ. ಇವಿಲ್ಲದ ಸೀಸನ್ನನ್ನು ನಾನು ಟೂರ್ನಿ ಎನ್ನುತ್ತೇನೆ, ಲೀಗ್ ಎನ್ನಲಾರೆ. ನೋಡುವ ಜನರಿಲ್ಲ ಎಂಬ ಮಾತು ಸುಳ್ಳೆಂಬುದಕ್ಕೆ 2017ರ ಜುಲೈ ಸಾಕ್ಷಿ: ಬೆಂಗಳೂರಿನ ಕಂಠೀರವ ಕ್ರೀಡಾಂಗಣದಲ್ಲಿ ಭಾರತದ ಮಹಿಳೆಯರು ಕಜಕಸ್ತಾನವನ್ನು 75–73ರಿಂದ ಸೋಲಿಸಿ ಏಷ್ಯಾ ಕಪ್‌ನ ಬಿ ಡಿವಿಷನ್ ಗೆದ್ದಾಗ ಊರು ಅವರ ಬೆನ್ನಿಗಿತ್ತು.

ಹಾಗಾದರೆ ನಮ್ಮ ಆಟವನ್ನು ಇಷ್ಟು ಕಾಲ ಹೊತ್ತವರು ಯಾರು? ಬ್ಯಾಂಕು, ರೈಲ್ವೆ, ಓಎನ್‌ಜಿಸಿಯಂಥ ಸಂಸ್ಥೆಗಳು. 1931ರಲ್ಲಿ ಮಂಗಳೂರಿನಲ್ಲಿ ಹುಟ್ಟಿದ ವಿಜಯಾ ಬ್ಯಾಂಕಿನ ತಂಡ ಕರ್ನಾಟಕದ ಹೆಮ್ಮೆಯಾಗಿತ್ತು. ಆಟಗಾರನಿಗೆ ನೌಕರಿ ಕೊಟ್ಟ ಈ ಪದ್ಧತಿಗೆ ನಾವು ಋಣಿಗಳು. ಆದರೆ 2019ರ ಏಪ್ರಿಲ್ 1ರಂದು ಬ್ಯಾಂಕು ಬ್ಯಾಂಕ್ ಆಫ್ ಬರೋಡಾದಲ್ಲಿ ವಿಲೀನವಾದಾಗ ತಂಡದ ಹೆಸರೂ ಹೋಯಿತು. ವಿರ್ಟುಸ್‌ನಂತೆ ಪ್ರಾಯೋಜಕ ಹೋದರೂ ಉಳಿಯುವ ಒಳಗಿನ ಕ್ಲಬ್ಬು ಅಲ್ಲಿರಲಿಲ್ಲ.

ಊರಿನ ಕ್ಲಬ್ಬಿನ ಈ ಪ್ರಶ್ನೆಯನ್ನು ಹೆಬ್ಬಾಳಕ್ಕೆ ತಂದದ್ದು ಬೇಕೆಂದೇ. ಮೈಸೂರಿನ ಈ ಭಾಗದಲ್ಲಿ ಕೈಗಾರಿಕಾ ಪ್ರದೇಶವಿದೆ, ಪಕ್ಕದ ಮೇಟಗಳ್ಳಿಯಲ್ಲಿ ಟೈರ್ ಕಾರ್ಖಾನೆಯಿದೆ, ಇನ್ಫೊಸಿಸ್‌ನ ವಿಶಾಲ ತರಬೇತಿ ಕೇಂದ್ರವಿದೆ. ದೇಶದ ಮೂಲೆಮೂಲೆಯಿಂದ ಬರುವ ಇಪ್ಪತ್ತೆರಡು ಇಪ್ಪತ್ಮೂರರ ಹುಡುಗರು ಅಲ್ಲಿ ಸಂಜೆ ಬ್ಯಾಸ್ಕೆಟ್‌ಬಾಲ್ ಆಡುತ್ತಾರೆ. ಅಂಕಣಕ್ಕೆ, ಎತ್ತರದ ಹುಡುಗರಿಗೆ, ಅಂಗಿಯ ಮೇಲೆ ಬರೆಸಬಹುದಾದ ಕಂಪನಿಯ ಹೆಸರಿಗೆ ಕೊರತೆಯಿಲ್ಲ. ಆದರೆ ಆಡುವವರು ಕೆಲವೇ ತಿಂಗಳ ಅತಿಥಿಗಳು. ಪರಸ್ಪರರ ಪಾಸು ಅರ್ಥವಾಗುವ ಹೊತ್ತಿಗೆ ಒಬ್ಬನಿಗೆ ಪುಣೆ, ಇನ್ನೊಬ್ಬನಿಗೆ ಹೈದರಾಬಾದು. ವಿರ್ಟುಸ್‌ಗೆ ಇದ್ದ ಕಾಲ ಇವರಿಗಿಲ್ಲ.

ಕಾಲ ಇರುವುದು ಆ ಕೇಂದ್ರದ ಬೇಲಿಯ ಹೊರಗಿನ ಬಡಾವಣೆಯ ಮಕ್ಕಳಿಗೆ. ಒಂದು ಸಂಜೆ ನಾನು ನೋಡಿದ್ದು: ಬಲೆ ಹರಿದು ಬರೀ ರಿಂಗ್ ಉಳಿದ ಬೋರ್ಡು, ಬಿಳಿಗೆರೆ ಮಾಸಿದ ಸಿಮೆಂಟು ನೆಲ. ಹತ್ತು ವರ್ಷದ ಹುಡುಗಿಯೊಬ್ಬಳು ರಬ್ಬರು ಸವೆದು ನುಣ್ಣಗಾದ ಚೆಂಡನ್ನು ಎಡಗೈಯಲ್ಲಿ ಪುಟಿಸುತ್ತ ಬಂದು ಲೇ-ಅಪ್ ಹಾಕಿದಳು. ಚೆಂಡು ರಿಂಗಿನ ಕಬ್ಬಿಣಕ್ಕೆ ಬಡಿದು ಹೊರಗೆ ಹಾರಿತು. ಅವಳ ಅಣ್ಣ ಅದನ್ನು ಹಿಡಿದು, ಎಡಗಾಲು ಎಲ್ಲಿ ಊರಬೇಕೆಂದು ಚಾಕ್‌ಪೀಸಿನಲ್ಲಿ ನೆಲದ ಮೇಲೆ ಒಂದು ಗುರುತು ಹಾಕಿ, ಚೆಂಡನ್ನು ಮತ್ತೆ ಅವಳ ಕೈಗೇ ಕೊಟ್ಟ.