ವಾರಾನ್ನದಿಂದ ವಸತಿ ಶಾಲೆಯವರೆಗೆ

ಹಳ್ಳಿಗಳಿಗೆ ಪ್ರೌಢಶಾಲೆ ಬರುವ ಮುಂಚೆ, ಮುಂದಕ್ಕೆ ಓದಬೇಕೆಂದರೆ ಹುಡುಗ ಮನೆ ಬಿಡಬೇಕಿತ್ತು. ಪೇಟೆಯಲ್ಲಿ ಅವನಿಗೆ ಅನ್ನ ಹಾಕುವವರು ಯಾರು ಎಂಬುದೇ ಹೆತ್ತವರ ಮೊದಲ ಚಿಂತೆ. ಬ್ರಾಹ್ಮಣ ಹುಡುಗರಿಗೆ ವಾರಾನ್ನವಿತ್ತು: ಸೋಮವಾರ ಒಬ್ಬರ ಮನೆ, ಮಂಗಳವಾರ ಇನ್ನೊಬ್ಬರದು. ಉಳಿದವರಿಗೆ ಆ ಬಾಗಿಲುಗಳು ತೆರೆದಿರಲಿಲ್ಲ. ಈ ಕೊರತೆ ತುಂಬಿದ್ದು ಮಠಗಳ, ಸಮುದಾಯಗಳ ಉಚಿತ ವಿದ್ಯಾರ್ಥಿನಿಲಯಗಳು. ಧಾರವಾಡದ ಮುರುಘಾಮಠ, ತುಮಕೂರಿನ ಸಿದ್ಧಗಂಗಾ ಮಠಗಳಲ್ಲಿ ಉಂಡು ಓದಿದವರು ನಾಡಿನ ತುಂಬ ಇದ್ದಾರೆ. ಸಿದ್ಧಗಂಗೆಯಲ್ಲಂತೂ ಜಾತಿ ಕೇಳದೆ ಅನ್ನವಿಟ್ಟರು.

ಹೆಣ್ಣುಮಕ್ಕಳ ಮಾತು ಬೇರೆ. ವಾರಾನ್ನವಾಗಲಿ ಮಠದ ನಿಲಯವಾಗಲಿ ಇದ್ದದ್ದು ಹುಡುಗರಿಗೆ. ಹುಬ್ಬಳ್ಳಿಯಲ್ಲಿ ಸರ್ದಾರ್ ವೀರನಗೌಡ ಪಾಟೀಲ ಮತ್ತು ನಾಗಮ್ಮ ದಂಪತಿ ಹರಿಜನ ಬಾಲಿಕಾಶ್ರಮ ನಡೆಸಿದ್ದು ಆ ಕಾಲಕ್ಕೆ ದೊಡ್ಡ ಸಾಹಸವೇ. ಮುಂದೆ ಸರ್ಕಾರಿ ಹಾಸ್ಟೆಲುಗಳು ಬಂದರೂ ಮೈನೆರೆದ ಮಗಳನ್ನು ದೂರ ಕಳಿಸಲು ಎಷ್ಟೋ ಮನೆಗಳು ಒಪ್ಪಲಿಲ್ಲ. ಅಂಥ ಹುಡುಗಿಯರಿಗೆ ನಡೆದು ಹೋಗಿ ಸಂಜೆಗೆ ಮರಳಬಹುದಾದ ಶಾಲೆಯೇ ಬೇಕಿತ್ತು. ನಮ್ಮ ಶಾಲೆಯ ನಿಜವಾದ ಚರಿತ್ರೆ ಅಲ್ಲಿದೆಯೆಂದು ನನ್ನ ಎಣಿಕೆ.

1986ರ ಶಿಕ್ಷಣ ನೀತಿಯ ಫಲವಾಗಿ ನವೋದಯ ವಿದ್ಯಾಲಯಗಳು, ಆಮೇಲೆ ಮೊರಾರ್ಜಿ ದೇಸಾಯಿ, ಕಿತ್ತೂರು ರಾಣಿ ಚೆನ್ನಮ್ಮ ವಸತಿ ಶಾಲೆಗಳು ಬಂದವು. ನವೋದಯದಲ್ಲಿ ಕನಿಷ್ಠ ಶೇ. 75 ಸೀಟು ಗ್ರಾಮೀಣ ಮಕ್ಕಳಿಗೆ. ಸೇರುವುದು ಆರನೆಯ ತರಗತಿಗೆ. ಅರ್ಜಿ ತುಂಬಿಸಲು ಮೇಷ್ಟರ ಬಳಿ ಬರುವ ತಾಯಂದಿರು ಮೊದಲು ಕೇಳುವುದು, ಹಬ್ಬಕ್ಕೆ ಮನೆಗೆ ಕಳಿಸುತ್ತಾರೆಯೇ ಎಂದು.