ಪೊಟ್ಟಣದೊಳಗಿನ ಪೊಟ್ಟಣ

ಯೂನಿಕ್ಸ್ ಮಾದರಿಯ ಕಂಪ್ಯೂಟರಿಗೆ ಹೊಸ ತಂತ್ರಾಂಶವೊಂದನ್ನು ಕೂಡಿಸುವುದು ಒಂದು ಕಾಲದಲ್ಲಿ ಇಡೀ ದಿನ ನುಂಗುವ ಕೆಲಸವಾಗಿತ್ತು. ತಂತ್ರಾಂಶದ ಮೂಲಪಾಠವನ್ನು ತರಿಸಿ, ಗಂಟು ಬಿಚ್ಚಿ, 'ಮೇಕ್' ಎಂಬ ಆದೇಶ ಕೊಟ್ಟು, ಯಂತ್ರ ಅದನ್ನು ತನ್ನ ಭಾಷೆಗೆ ತಿರುಗಿಸಿಕೊಳ್ಳುವವರೆಗೆ ಕಾಯಬೇಕು. ಅರ್ಧ ದಾರಿಯಲ್ಲಿ, ಲೈಬ್ರರಿ ಎಂಬ ಯಾವುದೋ ಸಹಾಯಕ ಕಡತ ಇಲ್ಲವೆಂದು ಯಂತ್ರ ಕೈಚೆಲ್ಲುತ್ತಿತ್ತು. ಅದನ್ನು ತಂದರೆ ಅದಕ್ಕೆ ಮತ್ತೊಂದು ಬೇಕು. ಈ ಸರಪಳಿಗೆ 'ಅವಲಂಬನೆ' ಎಂದು ಹೆಸರು. ಬೇಸತ್ತವರು 'ಅವಲಂಬನೆಯ ನರಕ' ಎಂದೇ ಕರೆದರು. ತೆಗೆದುಹಾಕುವ ಪಾಡು ಇನ್ನೂ ಕಷ್ಟ. ಯಾವ ಕಡತ ಯಾವ ತಂತ್ರಾಂಶದ್ದೆಂದು ಲೆಕ್ಕ ಬರೆದಿಟ್ಟವರೇ ಇರಲಿಲ್ಲ.

ಈ ಲೆಕ್ಕವನ್ನು ಯಂತ್ರಕ್ಕೇ ವಹಿಸಿದ ಪ್ರಯತ್ನಗಳಲ್ಲಿ ಡೆಬಿಯನ್‌ನದು ಮುಖ್ಯವಾದುದು. ಲಿನಸ್ ಟೊರ್ವಾಲ್ಡ್ಸ್ 1991ರಲ್ಲಿ ಹೊರತಂದ ಲಿನಕ್ಸ್ ಬರಿಯ ತಿರುಳು. ಅದರ ಸುತ್ತ ಬೇಕಾದುದನ್ನೆಲ್ಲ ಜೋಡಿಸಿ ಕೊಡುವ ಯೋಜನೆಯನ್ನು ಅಮೆರಿಕದ ಪರ್ಡ್ಯೂ ವಿಶ್ವವಿದ್ಯಾನಿಲಯದ ವಿದ್ಯಾರ್ಥಿ ಇಯಾನ್ ಮರ್ಡಾಕ್ 1993ರ ಆಗಸ್ಟ್‌ನಲ್ಲಿ ಸಾರಿದರು. ಗೆಳತಿ ಡೆಬ್ರಾಳ ಹೆಸರಿಗೆ ತಮ್ಮ ಹೆಸರು ಸೇರಿಸಿ ಅದಕ್ಕೆ ಡೆಬಿಯನ್ ಎಂದರು. ಅಲ್ಲಿ ಸ್ವಯಂಸೇವಕರು ಒಂದೊಂದು ತಂತ್ರಾಂಶದ ಹೊಣೆ ಹೊತ್ತು, ಅದನ್ನು ಸಿದ್ಧಪಡಿಸಿ ಪೊಟ್ಟಣ ಕಟ್ಟುತ್ತಾರೆ. ಹೆಸರು, ಆವೃತ್ತಿ, ಜೊತೆಗೆ ಬೇಕಾದ ಬೇರೆ ಪೊಟ್ಟಣಗಳ ಪಟ್ಟಿ ಎಲ್ಲವೂ ಪೊಟ್ಟಣದಲ್ಲೇ ಇರುತ್ತವೆ. ಅದನ್ನು ಬಿಚ್ಚಿ ಕಿರ್ದಿ ಬರೆಯುವ ಕೆಲಸ 'ಡಿಪಿಕೆಜಿ'ಯದು. ಇದನ್ನು 1994ರಲ್ಲಿ ಸಿ ಭಾಷೆಯಲ್ಲಿ ಹೊಸದಾಗಿ ಬರೆದವರು ಇಯಾನ್ ಜಾಕ್ಸನ್.

ಡಿಪಿಕೆಜಿ ಪ್ರಾಮಾಣಿಕ ಗುಮಾಸ್ತನಂತೆ. ಇಂಥದು ಇಲ್ಲವೆಂದು ಹೇಳುತ್ತದೆ, ತಂದುಕೊಡುವುದಿಲ್ಲ. ಆ ಕೊರತೆ ತುಂಬಲು ಬಂದದ್ದು 'ಆಪ್ಟ್'. 1999ರ ಮಾರ್ಚ್‌ನಲ್ಲಿ ಹೊರಬಂದ ಡೆಬಿಯನ್ 2.1ರಲ್ಲಿ ಅದು ಸೇರಿತ್ತು. ಒಂದು ಹೆಸರು ಹೇಳಿದರೆ ಸಾಕು, ಇಡೀ ಸರಪಳಿಯನ್ನು ತಾನೇ ಲೆಕ್ಕ ಹಾಕಿ ಜಾಲದಿಂದ ತರಿಸಿ ಕೂಡಿಸುತ್ತದೆ.

ಅದರ ಆದೇಶಗಳು ಚುಟುಕಾಗಿವೆ, ಆದರೆ ತಪ್ಪು ತಿಳಿಯುವವರು ಬಹಳ. 'ಅಪ್‌ಡೇಟ್' ಎಂದರೆ ಪೊಟ್ಟಣಗಳ ಪಟ್ಟಿ ಮಾತ್ರ ಹೊಸದಾಗುತ್ತದೆ. ತಂತ್ರಾಂಶ ಬದಲಾಗುವುದು 'ಅಪ್‌ಗ್ರೇಡ್' ಎಂದಾಗ. 'ರಿಮೂವ್' ಎಂದರೆ ತಂತ್ರಾಂಶ ಹೋದರೂ ಅದರ ಹೊಂದಾಣಿಕೆಯ ಕಡತಗಳು ಉಳಿಯುತ್ತವೆ. 'ಪರ್ಜ್' ಎಂದರೆ ಅವೂ ಹೋಗುತ್ತವೆ. ಅನುಮಾನವಿದ್ದವರು 'ಆಪ್ಟ್-ಗೆಟ್' ಆದೇಶಕ್ಕೆ 'ಸಿಮ್ಯುಲೇಟ್' ಸೇರಿಸಿದರೆ ಯಂತ್ರ ಏನನ್ನೂ ಮುಟ್ಟದೆ, ಏನೇನು ಆಗಲಿದೆ ಎಂದಷ್ಟೇ ಹೇಳುತ್ತದೆ. ಇಷ್ಟು ಉಪಯುಕ್ತವಾದ ಆದೇಶವನ್ನು ಬಳಸುವವರು ಕಡಿಮೆಯೇ ಇರಬೇಕು. 'ಡಿಪಿಕೆಜಿ' ಮುಂದೆ ಅಡ್ಡಗೆರೆ ಮತ್ತು ದೊಡ್ಡ ಎಸ್ ಬರೆದು ಕಡತದ ಹೆಸರು ಕೊಟ್ಟರೆ ಅದು ಯಾವ ಪೊಟ್ಟಣದ್ದೆಂದು ತಿಳಿಯುತ್ತದೆ. 'ಆಪ್ಟ್-ಗೆಟ್ ಮೂ' ಎಂದರೆ ಪರದೆಯ ಮೇಲೆ ಹಸುವೊಂದು ಬರುತ್ತದೆ! ಇದಕ್ಕೆ ಯಾವ ಉಪಯೋಗವೂ ಇಲ್ಲ.

ಹೀಗೆ ತರಿಸಿದ ಪೊಟ್ಟಣವನ್ನು ನಂಬುವುದು ಹೇಗೆ? ದಾರಿಯಲ್ಲಿ ಯಾರೂ ಬದಲಿಸಿಲ್ಲವೆಂದು ಗೂಢಲಿಪಿಯ ಸಹಿಯಿಂದ ಪರೀಕ್ಷಿಸುವ ಏರ್ಪಾಡು 2007ರ ಡೆಬಿಯನ್ 4.0ರಲ್ಲಿ ಬಂತು. ಆದರೆ ಪೊಟ್ಟಣ ಕಟ್ಟುವ ಮೊದಲೇ ಮೂಲದಲ್ಲಿ ವಿಷ ಬೆರೆತಿದ್ದರೆ ಸಹಿ ಏನೂ ಮಾಡಲಾರದು. 2024ರಲ್ಲಿ ಆದದ್ದು ಅದೇ. ಕಡತಗಳನ್ನು ಕುಗ್ಗಿಸುವ 'ಎಕ್ಸ್‌ಜೆಡ್' ಎಂಬ ಸಣ್ಣ ತಂತ್ರಾಂಶವನ್ನು ಒಬ್ಬ ಸ್ವಯಂಸೇವಕ ದಣಿದು ನಡೆಸುತ್ತಿದ್ದ. 'ಜಿಯಾ ಟಾನ್' ಎಂಬ ಹೆಸರಿನವರೊಬ್ಬರು ವರ್ಷಗಟ್ಟಲೆ ನೆರವಾಗಿ ಅವನ ವಿಶ್ವಾಸ ಗಳಿಸಿದರು, ಕೊನೆಗೆ 5.6.0 ಮತ್ತು 5.6.1 ಆವೃತ್ತಿಗಳಲ್ಲಿ ಕಳ್ಳಬಾಗಿಲು ಇಟ್ಟರು. ಗುರಿ ಎಕ್ಸ್‌ಜೆಡ್ ಅಲ್ಲ. ದೂರದಿಂದ ಯಂತ್ರದೊಳಗೆ ಪ್ರವೇಶ ಕೊಡುವ 'ಎಸ್‌ಎಸ್‌ಎಚ್'. ಅದಕ್ಕೆ ಎಕ್ಸ್‌ಜೆಡ್ ನೇರವಾಗಿ ಬೇಕಿಲ್ಲ. ಡೆಬಿಯನ್‌ನವರು ಅದಕ್ಕೆ 'ಸಿಸ್ಟಂಡಿ'ಯ ಲೈಬ್ರರಿಯನ್ನು ಜೋಡಿಸಿದ್ದರು, ಆ ಲೈಬ್ರರಿಗೆ ಎಕ್ಸ್‌ಜೆಡ್‌ನದು ಬೇಕಿತ್ತು. ಅದೇ ಅವಲಂಬನೆಯ ಸರಪಳಿ!

ಲಾಗಿನ್ ಆಗಲು ಅರ್ಧ ಸೆಕೆಂಡು ಹೆಚ್ಚು ಹಿಡಿಯುತ್ತಿದೆಯೆಂದು ಗಮನಿಸಿದ ಎಂಜಿನಿಯರ್ ಆಂಡ್ರೆಸ್ ಫ್ರೊಯಿಂಡ್, ಬೆನ್ನುಹತ್ತಿ ಹೋಗಿ ಮಾರ್ಚ್ 29ರಂದು ವಿಷಯ ಬಯಲು ಮಾಡಿದರು. ಆಗ ಅದು ಡೆಬಿಯನ್‌ನ ಪರೀಕ್ಷಾ ಕಂತುಗಳಲ್ಲಷ್ಟೇ ಇತ್ತು, ಸ್ಥಿರ ಕಂತಿಗೆ ಬಂದಿರಲಿಲ್ಲ. ಹಳೆಯ ಆವೃತ್ತಿಗೆ ಮರಳಬೇಕಿತ್ತು, ಆದರೆ ಅಪ್‌ಗ್ರೇಡ್ ಹೊಸ ಸಂಖ್ಯೆಯತ್ತಲೇ ಸಾಗುತ್ತದೆ, ಹಿಂದಕ್ಕೆ ಇಳಿಯುವುದಿಲ್ಲ. ಆದ್ದರಿಂದ ಡೆಬಿಯನ್‌ನವರು ಹಳೆಯ ಪೊಟ್ಟಣಕ್ಕೆ ಹೊಸ ಸಂಖ್ಯೆ ಅಂಟಿಸಿ ಕಳುಹಿಸಿದರು: '5.6.1, ನಿಜವಾಗಿ 5.4.5'.